ಮನೆಯ ಉಳಿತಾಯಕ್ಕೆ ಮನಸ್ಸೊಂದೇ ಸಾಲದು

ಭಾರತೀಯ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಒಂದು ಅಂಕಿ ಹಲವು ದಿನ ಚರ್ಚೆಯಲ್ಲಿತ್ತು. 2022-23ರಲ್ಲಿ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ 5.1ಕ್ಕೆ ಇಳಿದಿತ್ತು. ಹಿಂದಿನ ವರ್ಷ ಅದು ಶೇ 7.2 ಇತ್ತು. ಅದಕ್ಕೂ ಹಿಂದೆ, ಕೋವಿಡ್‌ನ ಮೊದಲ ವರ್ಷದಲ್ಲಿ, ಶೇ 11.5. ಇಷ್ಟು ಕೆಳಮಟ್ಟವನ್ನು ದೇಶ ಸುಮಾರು ಐದು ದಶಕಗಳಲ್ಲಿ ಕಂಡಿರಲಿಲ್ಲ. ಆಮೇಲೆ ಲೆಕ್ಕ ಪರಿಷ್ಕರಣೆಯಾಯಿತಾದರೂ ಅಂಕಿ ಶೇ 5ರ ಆಸುಪಾಸಿನಲ್ಲೇ ನಿಂತಿತು.

ಕಾರಣ ಹೇಳುವವರೂ ಬೇಗನೆ ಮುಂದೆ ಬಂದರು. ಬೆಲೆ ಏರಿಕೆಯಿಂದ ಜನ ಬಸವಳಿದಿದ್ದಾರೆ ಎಂದರು ಕೆಲವರು. ಸಂಕಷ್ಟವೇನೂ ಇಲ್ಲ, ಜನ ಮನೆ ಕಟ್ಟುತ್ತಿದ್ದಾರೆ, ವಾಹನ ಕೊಳ್ಳುತ್ತಿದ್ದಾರೆ, ಉಳಿತಾಯದ ರೂಪ ಬದಲಾಗಿದೆ ಅಷ್ಟೆ ಎಂದು ಕೇಂದ್ರ ಹಣಕಾಸು ಸಚಿವಾಲಯ ವಿವರಣೆ ಕೊಟ್ಟಿತು. ಜಗಲಿಕಟ್ಟೆಯ ಮಾತು ಬೇರೆಯೇ ಇತ್ತು: ಈಗಿನವರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚುವ ಕಾಲ ಮುಗಿಯಿತು. ಮೊದಲ ಎರಡು ವಾದಗಳಲ್ಲಿ ಅಷ್ಟಿಷ್ಟು ಹುರುಳಿದೆ. ಮೂರನೆಯದನ್ನು ನಾನು ಒಪ್ಪುವುದಿಲ್ಲ. ಒಂದು ಮನೆಯವರು ದುಂದು ಮಾಡಿದರೆ ಅದು ಅವರ ಗುಣ ಇರಬಹುದು. ಇಡೀ ದೇಶದ ಉಳಿತಾಯ ದರ ಎರಡೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದರೆ ಅದನ್ನು ಗುಣದ ಲೆಕ್ಕಕ್ಕೆ ಬರೆಯಲಾಗದು. ಕೋಟಿಗಟ್ಟಲೆ ಜನರ ಸ್ವಭಾವ ಎರಡು ವರ್ಷಗಳಲ್ಲಿ ಬದಲಾಗುವುದಿಲ್ಲ. ಬದಲಾಗುವುದು ಅವರ ಸುತ್ತಲಿನ ಪರಿಸ್ಥಿತಿ: ಆದಾಯ, ಬಡ್ಡಿ, ಬೆಲೆ, ಸಾಲ ಸಿಗುವ ಬಗೆ, ನಾಳೆಯ ಭಯ.

ಮೊದಲು ಈ ಅಂಕಿಯೊಳಗೆ ಏನೇನಿದೆ ಎಂದು ನೋಡಬೇಕು. ಸರ್ಕಾರಿ ಲೆಕ್ಕದಲ್ಲಿ ‘ಕುಟುಂಬ ವಲಯ’ ಎಂದರೆ ಗಂಡ, ಹೆಂಡತಿ, ಮಕ್ಕಳ ಮನೆಗಳು ಮಾತ್ರವಲ್ಲ. ರೈತರು, ಕಿರಾಣಿ ಅಂಗಡಿಯವರು, ದರ್ಜಿಗಳು, ಗ್ಯಾರೇಜು ಇಟ್ಟವರು, ಕಂಪನಿಯಾಗಿ ನೋಂದಣಿಯಾಗದ ಸಣ್ಣ ಉದ್ಯಮಗಳು ಎಲ್ಲವೂ ಅದರೊಳಗೇ ಬರುತ್ತವೆ. ಇವರ ಉಳಿತಾಯವನ್ನು ಎರಡು ಮುಖ್ಯ ಭಾಗ ಮಾಡುತ್ತಾರೆ. ಬ್ಯಾಂಕ್ ಠೇವಣಿ, ನಗದು, ಎಲ್‌ಐಸಿ, ಭವಿಷ್ಯ ನಿಧಿ, ಷೇರು, ಮ್ಯೂಚುವಲ್ ಫಂಡ್ ಇವು ಹಣಕಾಸು ಉಳಿತಾಯ. ಮನೆ, ಕಟ್ಟಡ, ಯಂತ್ರೋಪಕರಣ ಭೌತಿಕ ಉಳಿತಾಯ. ಚಿನ್ನ, ಬೆಳ್ಳಿ ಆಭರಣಕ್ಕೂ ಒಂದು ಸಣ್ಣ ಕಲಂ ಇದೆ. ಹಣಕಾಸು ಉಳಿತಾಯದಲ್ಲಿ ಆ ವರ್ಷ ಹೊಸದಾಗಿ ಮಾಡಿದ ಸಾಲವನ್ನು ಕಳೆದರೆ ಉಳಿಯುವುದೇ ನಿವ್ವಳ ಹಣಕಾಸು ಉಳಿತಾಯ. 2023ರಲ್ಲಿ ಗದ್ದಲ ಎಬ್ಬಿಸಿದ್ದು ಈ ನಿವ್ವಳ ಅಂಕಿ.

ಆದ್ದರಿಂದ ಜನ ಠೇವಣಿ ಇಡುವುದನ್ನು ಕಡಿಮೆ ಮಾಡದಿದ್ದರೂ ಸಾಲ ಹೆಚ್ಚಾದರೆ ಈ ಅಂಕಿ ಕುಸಿಯುತ್ತದೆ. ಆದದ್ದೂ ಬಹುಮಟ್ಟಿಗೆ ಅದೇ. ಬ್ಯಾಂಕುಗಳಿಂದ ಕುಟುಂಬಗಳು ಪಡೆದ ಹೊಸ ಸಾಲ 2020-21ರಲ್ಲಿ ಸುಮಾರು 6 ಲಕ್ಷ ಕೋಟಿ ರೂಪಾಯಿ ಇದ್ದದ್ದು 2022-23ರಲ್ಲಿ ಸುಮಾರು 11.9 ಲಕ್ಷ ಕೋಟಿಗೆ ಏರಿತು. ಇದೇ ಅವಧಿಯಲ್ಲಿ ನಿವ್ವಳ ಹಣಕಾಸು ಉಳಿತಾಯ 23.29 ಲಕ್ಷ ಕೋಟಿಯಿಂದ 14.16 ಲಕ್ಷ ಕೋಟಿಗೆ ಇಳಿಯಿತು. ಕಣಜಕ್ಕೆ ಮೇಲಿನಿಂದ ಕಾಳು ಸುರಿಯುತ್ತಲೇ ಇದ್ದರೂ ಕೆಳಗಿನ ಬಾಯಿ ದೊಡ್ಡದಾಗಿತ್ತು.

2020-21ರ ಅಂಕಿಯನ್ನೂ ಎಚ್ಚರಿಕೆಯಿಂದ ಓದಬೇಕು. ಆ ವರ್ಷ ಅಂಗಡಿ, ಸಿನಿಮಾ, ಮದುವೆ ಛತ್ರ ಎಲ್ಲಕ್ಕೂ ಬೀಗ ಬಿದ್ದಿತ್ತು. ಸಂಬಳ ಬರುತ್ತಿದ್ದವರ ಖಾತೆಯಲ್ಲಿ ಹಣ ತಾನಾಗಿ ಉಳಿಯಿತು. ಅಮೆರಿಕದಲ್ಲೂ ಹೀಗೇ ಆಯಿತು. 2020ರ ಏಪ್ರಿಲ್‌ನಲ್ಲಿ ಅಲ್ಲಿನ ವೈಯಕ್ತಿಕ ಉಳಿತಾಯ ದರ ಖರ್ಚಿಗೆ ಸಿಗುವ ಆದಾಯದ ಶೇ 30 ದಾಟಿತ್ತು, ಎರಡು ವರ್ಷಗಳಲ್ಲಿ ಒಂದಂಕಿಯ ತಳಮಟ್ಟಕ್ಕೆ ಬಂತು. ಆದರೆ ನಮ್ಮಲ್ಲಿ ಕೆಲಸ ಕಳೆದುಕೊಂಡು ಊರಿಗೆ ನಡೆದು ಹೋದವರೂ ಅದೇ ವರ್ಷದವರೇ. ಒಟ್ಟು ಅಂಕಿ ಏರಿತೆಂದು ಎಲ್ಲರ ಮನೆಯಲ್ಲೂ ದುಡ್ಡು ಉಳಿಯಿತು ಎನ್ನಲಾಗದು.

ಆದಾಯ ಹೆಚ್ಚಿದಷ್ಟೂ ಉಳಿತಾಯದ ಪಾಲು ಹೆಚ್ಚುತ್ತದೆ ಎಂಬುದು ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಮುಂದಿಟ್ಟ ವಿಚಾರ. ಕೇಳಲು ಸರಳ. ತಿಂಗಳಿಗೆ 15 ಸಾವಿರ ದುಡಿಯುವವರಿಗೆ ಬಾಡಿಗೆ, ರೇಷನ್, ಮಕ್ಕಳ ಫೀಸಿಗೇ ಹಣ ಸಾಲದು. ಲಕ್ಷ ದುಡಿಯುವವರಿಗೆ ಮಿಗುತ್ತದೆ. ಆದರೆ ಸೈಮನ್ ಕುಜ್ನೆಟ್ಸ್ ಅಮೆರಿಕದ ದಶಕಗಳ ಲೆಕ್ಕ ತೆಗೆದಾಗ ಬೇರೆ ಚಿತ್ರ ಕಂಡಿತು. ಜನರ ಆದಾಯ ಹಲವು ಪಟ್ಟು ಏರಿದ್ದರೂ ಆದಾಯದಲ್ಲಿ ಉಳಿತಾಯದ ಪಾಲು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಈ ಒಗಟನ್ನು ಬಿಡಿಸಿದವರು ಮಿಲ್ಟನ್ ಫ್ರೀಡ್‌ಮನ್ ಮತ್ತು ಫ್ರಾಂಕೊ ಮೊದಿಲಿಯಾನಿ.

ಫ್ರೀಡ್‌ಮನ್ 1957ರಲ್ಲಿ ಹೇಳಿದ್ದು, ಜನ ಈ ತಿಂಗಳ ಆದಾಯ ನೋಡಿ ಬದುಕುವುದಿಲ್ಲ, ತಮಗೆ ಸ್ಥಿರವಾಗಿ ಇಷ್ಟು ಬರುತ್ತದೆ ಎಂಬ ಅಂದಾಜಿನ ಮೇಲೆ ಬದುಕುತ್ತಾರೆ ಎಂದು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆಗೆ ಒಂದು ವರ್ಷ ಒಳ್ಳೆ ಧಾರಣೆ ಬಂದರೆ ಊಟ, ಉಡುಗೆ ಏಕಾಏಕಿ ಬದಲಾಗುವುದಿಲ್ಲ. ಹಳೆಯ ಸಾಲ ತೀರುತ್ತದೆ, ಸೊಸೈಟಿಯಲ್ಲಿ ಠೇವಣಿ ಬೀಳುತ್ತದೆ, ಮನೆಗೆ ಹೊಸ ಮಾಡು ಬರುತ್ತದೆ. ಕೊಳೆರೋಗ ಬಂದ ವರ್ಷ ಅದೇ ಠೇವಣಿ ಕರಗುತ್ತದೆ. ತಿಂಗಳ ಸಂಬಳದವರ ಲೆಕ್ಕ ಇದಕ್ಕೆ ತಿರುಗುಮುರುಗು. ಮುಂದಿನ ವರ್ಷವೂ ಸಂಬಳ ಏರುತ್ತದೆ ಎಂಬ ನಂಬಿಕೆ ಇರುವವರು ನಾಳಿನ ಸಂಬಳವನ್ನು ಇಂದೇ ಇಎಂಐ ರೂಪದಲ್ಲಿ ಖರ್ಚು ಮಾಡುತ್ತಾರೆ. ಅವರ ಲೆಕ್ಕದಲ್ಲಿ ಅದು ದುಂದಲ್ಲ. ಆ ನಂಬಿಕೆ ಸುಳ್ಳಾದಾಗ ಮಾತ್ರ ಕಷ್ಟ ಶುರುವಾಗುತ್ತದೆ.

ಮೊದಿಲಿಯಾನಿ ವಯಸ್ಸಿನ ಕಡೆಯಿಂದ ನೋಡಿದರು. ಎಳೆಯರಿದ್ದಾಗ ಸಾಲ, ದುಡಿಯುವ ನಡುವಯಸ್ಸಿನಲ್ಲಿ ಉಳಿತಾಯ, ಮುಪ್ಪಿನಲ್ಲಿ ಕೂಡಿಟ್ಟಿದ್ದರ ಖರ್ಚು. ಹಾಗಾದರೆ ದುಡಿಯುವ ವಯಸ್ಸಿನವರು ಹೆಚ್ಚಿರುವ ದೇಶ ಹೆಚ್ಚು ಉಳಿಸಬೇಕು, ಮುದುಕರು ಹೆಚ್ಚಿರುವ ದೇಶ ಕಡಿಮೆ. ಇದಕ್ಕೆ ಜಪಾನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಕುಟುಂಬಗಳು ಆದಾಯದ ಶೇ 20ಕ್ಕೂ ಹೆಚ್ಚು ಉಳಿಸುತ್ತಿದ್ದವು. ಜಪಾನೀಯರ ಮಿತವ್ಯಯವನ್ನು ಜಗತ್ತೆಲ್ಲ ಕೊಂಡಾಡಿತು, ಅದು ಅವರ ಸಂಸ್ಕೃತಿ ಎಂದಿತು. 2010ರ ದಶಕ ಬರುವ ಹೊತ್ತಿಗೆ ಆ ದರ ಸೊನ್ನೆಯ ಹತ್ತಿರ ಬಂದಿತ್ತು. ಸಂಸ್ಕೃತಿ ಬದಲಾಗಿರಲಿಲ್ಲ, ಉಳಿಸಿದ್ದ ಆ ತಲೆಮಾರಿಗೆ ವಯಸ್ಸಾಗಿತ್ತು.

ಕರ್ನಾಟಕ ಈ ಮಾತನ್ನು ಗಮನವಿಟ್ಟು ಕೇಳಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮುಪ್ಪಿಗೆ ಮಕ್ಕಳೇ ಆಸರೆ ಎಂದುಕೊಂಡಿದ್ದ ಕಾಲದಲ್ಲಿ ಮನೆಗೆ ನಾಲ್ಕೈದು ಮಕ್ಕಳಿರುತ್ತಿದ್ದರು. ಈಗ ಒಬ್ಬರೋ ಇಬ್ಬರೋ, ಅವರೂ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಉಳಿಸಲು ನಮ್ಮ ರಾಜ್ಯಕ್ಕೆ ಇರುವ ಕಾಲ ಇದೇ; ಇನ್ನೆರಡು ಮೂರು ದಶಕ ಕಳೆದ ಮೇಲೆ ಉಳಿಸುವವರಿಗಿಂತ ಉಳಿಸಿದ್ದನ್ನು ತೆಗೆದು ಉಣ್ಣುವವರ ಪಾಲು ಹಿಗ್ಗುತ್ತ ಹೋಗುತ್ತದೆ.

ಕೈಯಲ್ಲಿ ಹಣ ಮಿಕ್ಕರೂ ಅದನ್ನು ಇಡಲು ಒಂದು ಜಾಗ ಬೇಕು. ಉಳಿತಾಯದ ಚರ್ಚೆಗಳಲ್ಲಿ ಅತಿ ಕಡಿಮೆ ಮಾತಿಗೆ ಬರುವ ಈ ಅಂಶಕ್ಕೆ ಕರಾವಳಿ ಕರ್ನಾಟಕದ ಇತಿಹಾಸವೇ ಪಾಠ. ಕೈಮಗ್ಗದ ಕಸುಬು ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಒಂದು ಸಂಸ್ಥೆ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಪ್ರತಿದಿನ ಮನೆ ಬಾಗಿಲಿಗೆ, ಅಂಗಡಿ ಮುಂಗಟ್ಟಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಂಡು ಬರುತ್ತಿದ್ದರು.

ಈ ಯೋಜನೆಯ ಹಿಂದಿನ ಅರ್ಥಶಾಸ್ತ್ರ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಮೀನು ಮಾರುವವರ, ಹೂ ಕಟ್ಟುವವರ, ಬೀಡಿ ಸುತ್ತುವವರ ಆದಾಯ ದಿನದಿನದ್ದು. ಅವರಿಗೆ ತಿಂಗಳ ಕೊನೆಯಲ್ಲಿ ಒಟ್ಟಿಗೆ ಐದು ರೂಪಾಯಿ ಕಟ್ಟಿ ಎಂದರೆ ಆಗದ ಮಾತು. ಅಷ್ಟರೊಳಗೆ ಆ ಹಣಕ್ಕೆ ಹತ್ತು ಖರ್ಚು ಕಾದಿರುತ್ತವೆ. ಕೆಲಸ ಬಿಟ್ಟು ಬ್ಯಾಂಕಿಗೆ ನಡೆದು ಹೋದರೆ ಅರ್ಧ ದಿನದ ದುಡಿಮೆ ಹೋಯಿತು. ಪಿಗ್ಮಿ ಈ ಎರಡೂ ತೊಡಕನ್ನು ಬಿಡಿಸಿತು. ಅದು ಬರುವ ಮೊದಲು ಆ ಜನ ಸೋಮಾರಿಗಳೂ ಆಗಿರಲಿಲ್ಲ, ದುಂದುಗಾರರೂ ಆಗಿರಲಿಲ್ಲ. ಅವರ ಎರಡಾಣೆಯನ್ನು ಗೌರವದಿಂದ ತೆಗೆದುಕೊಳ್ಳುವವರು ಇರಲಿಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ವಿಲೀನವಾಯಿತು. ಪಿಗ್ಮಿ ಮಾತ್ರ ಊರೂರಿನ ಸಹಕಾರಿ ಸೊಸೈಟಿಗಳಲ್ಲಿ ಇಂದಿಗೂ ನಡೆಯುತ್ತಿದೆ.

ದೇಶದ ಮಟ್ಟದಲ್ಲಿ ಇದೇ ಕೆಲಸ 1969ರ ಜುಲೈ 19ರ ನಂತರ ನಡೆಯಿತು. 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ದೇಶದಲ್ಲಿ ಇದ್ದ ವಾಣಿಜ್ಯ ಬ್ಯಾಂಕ್ ಶಾಖೆಗಳು 8,262. 1990ರ ದಶಕದ ಆರಂಭಕ್ಕೆ ಅವು ಸುಮಾರು 60 ಸಾವಿರವಾದವು. ಬ್ಯಾಂಕ್ ಇರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ಕಡೆ ನಾಲ್ಕು ತೆರೆಯಬೇಕು ಎಂಬ ನಿಯಮ 1977ರಿಂದ 1990ರವರೆಗೆ ಜಾರಿಯಲ್ಲಿತ್ತು. ಹಗೇವಿನಲ್ಲಿ, ಒಡವೆಯಲ್ಲಿ, ಮಡಕೆಯಲ್ಲಿ ಇದ್ದ ಉಳಿತಾಯ ಪಾಸ್‌ಬುಕ್ಕಿಗೆ ಬಂದದ್ದು ಹೀಗೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜಿಡಿಪಿಯ ಶೇ 10ರ ಸುತ್ತಮುತ್ತ ಇದ್ದ ದೇಶದ ಒಟ್ಟು ಉಳಿತಾಯ 2007-08ರಲ್ಲಿ ಶೇ 36 ದಾಟಲು ಆದಾಯದ ಏರಿಕೆಯ ಜೊತೆಗೆ ಈ ಶಾಖೆಗಳೂ ಕಾರಣ. ರಾಷ್ಟ್ರೀಕರಣದ ಬಗ್ಗೆ ಬೇರೆ ತಕರಾರುಗಳಿವೆ, ಇರಲಿ. ಶಾಖೆಗಳು ಊರಿಗೆ ಬಂದದ್ದು ದೊಡ್ಡ ಕೆಲಸ.

ಬಡ್ಡಿಯ ವಿಷಯ ಜನ ಅಂದುಕೊಂಡಷ್ಟು ನೇರವಾಗಿಲ್ಲ. ಬಡ್ಡಿ ಏರಿದರೆ ಉಳಿತಾಯ ಹೆಚ್ಚುತ್ತದೆ ಎನ್ನುತ್ತೇವೆ. ಮಗಳ ಮದುವೆಗೆ ಹತ್ತು ವರ್ಷದಲ್ಲಿ ಹತ್ತು ಲಕ್ಷ ಬೇಕು ಎಂದು ಗುರಿಯಿಟ್ಟವರಿಗೆ ಬಡ್ಡಿ ಏರಿದರೆ ತಿಂಗಳು ತಿಂಗಳು ಕಟ್ಟಬೇಕಾದ ಮೊತ್ತ ಕಡಿಮೆಯೇ ಆಗುತ್ತದೆ. ಆದ್ದರಿಂದ ಬಡ್ಡಿ ಮುಖ್ಯವಾಗಿ ತೀರ್ಮಾನಿಸುವುದು ಉಳಿತಾಯದ ಮೊತ್ತವನ್ನಲ್ಲ, ಅದು ಎಲ್ಲಿಗೆ ಹೋಗಬೇಕು ಎಂಬುದನ್ನು. ಅಲ್ಲಿಯೂ ನೋಡಬೇಕಾದದ್ದು ಹಣದುಬ್ಬರ ಕಳೆದ ಮೇಲೆ ಉಳಿಯುವ ಬಡ್ಡಿ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ರೆಪೊ ದರ 2020ರ ಮೇ ತಿಂಗಳಿಂದ ಎರಡು ವರ್ಷ ಶೇ 4ರಲ್ಲಿತ್ತು. 2020-21ರ ಸರಾಸರಿ ಚಿಲ್ಲರೆ ಹಣದುಬ್ಬರ ಶೇ 6.2. ಒಂದು ಲಕ್ಷ ರೂಪಾಯಿಯನ್ನು ಶೇ 5ರ ಬಡ್ಡಿಗೆ ಎಫ್‌ಡಿ ಇಟ್ಟವರಿಗೆ ವರ್ಷದ ಕೊನೆಗೆ 1,05,000 ಬಂತು. ಹಿಂದಿನ ವರ್ಷ ಲಕ್ಷಕ್ಕೆ ಸಿಗುತ್ತಿದ್ದ ಸಾಮಾನಿಗೆ 1,06,200 ಬೇಕಾಯಿತು. ಬಡ್ಡಿಯನ್ನೇ ನಂಬಿದ ನಿವೃತ್ತರು ಎರಡು ವರ್ಷ ಹೀಗೆ ಸದ್ದಿಲ್ಲದೆ ಸವೆದರು.

ಇಂಥ ಹೊತ್ತಿನಲ್ಲಿ ಜನ ದಾರಿ ಹುಡುಕಿಯೇ ಹುಡುಕುತ್ತಾರೆ. 2009ರಿಂದ 2013ರವರೆಗೆ ಹಣದುಬ್ಬರ ಶೇ 10ರ ಹತ್ತಿರ ಇದ್ದಾಗ ಕುಟುಂಬಗಳು ಚಿನ್ನದ ಕಡೆ ಓಡಿದವು. ಆಮದು ಎಷ್ಟು ಏರಿತೆಂದರೆ 2012-13ರಲ್ಲಿ ದೇಶದ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 4.8 ಮುಟ್ಟಲು ಅದೂ ಒಂದು ಮುಖ್ಯ ಕಾರಣವಾಯಿತು. ಕೋವಿಡ್ ನಂತರದ ಓಟ ಷೇರುಪೇಟೆಯ ಕಡೆ. 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು 2024ರ ಮಾರ್ಚ್‌ಗೆ 15 ಕೋಟಿ ದಾಟಿದವು. ಎಸ್‌ಐಪಿ ಮೂಲಕ ಮ್ಯೂಚುವಲ್ ಫಂಡ್‌ಗಳಿಗೆ ಹರಿಯುವ ಹಣ 2024ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ತಿಂಗಳಿಗೆ 25 ಸಾವಿರ ಕೋಟಿ ಮೀರಿತು. ಇದರ ಮೇಲೆ ತೆರಿಗೆಯ ಪ್ರಭಾವವೂ ಇದೆ. 80ಸಿ ವಿನಾಯಿತಿಗಾಗಿ ಮಾರ್ಚ್ ತಿಂಗಳಲ್ಲಿ ಪಿಪಿಎಫ್, ಎಲ್‌ಐಸಿಗೆ ಹಣ ಹಾಕುತ್ತಿದ್ದ ಮಧ್ಯಮ ವರ್ಗಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಆ ಒತ್ತಾಸೆ ಇಲ್ಲ. ಕೈಗೆ ಹೆಚ್ಚು ಹಣ ಸಿಗುತ್ತದೆ ನಿಜ. ಅದನ್ನು ದೀರ್ಘಕಾಲಕ್ಕೆ ಕಟ್ಟಿಹಾಕುತ್ತಿದ್ದ ಒಂದು ಕಾರಣ ತಪ್ಪಿಹೋಗಿದೆ.

ಉಳಿತಾಯ ಹೆಚ್ಚಿದ್ದರೆ ದೇಶ ಸುಖವಾಗಿದೆ ಎಂದು ತಿಳಿಯುವುದೂ ತಪ್ಪು. ಚೀನಾದ ಕುಟುಂಬಗಳು ಆದಾಯದ ಮೂರನೇ ಒಂದರಷ್ಟನ್ನು ಉಳಿಸುತ್ತವೆ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಸರ್ಕಾರಿ ಕಾರ್ಖಾನೆಗಳು ಕೋಟ್ಯಂತರ ಕೆಲಸಗಾರರನ್ನು ಮನೆಗೆ ಕಳಿಸಿದವು. ಕೆಲಸದ ಜೊತೆಗೆ ಕಾರ್ಖಾನೆ ಕೊಡುತ್ತಿದ್ದ ಮನೆ, ಆಸ್ಪತ್ರೆ, ಪಿಂಚಣಿಯೂ ಹೋಯಿತು. ಒಂದೇ ಮಗುವಿನ ನೀತಿಯಿಂದ ಮುಪ್ಪಿನ ಆಸರೆಯೂ ಕಿರಿದಾಗಿತ್ತು. ಜನ ಹೆದರಿ ಉಳಿಸಿದರು. ಗಂಡುಮಕ್ಕಳ ಸಂಖ್ಯೆ ಮಿತಿಮೀರಿದ ಪ್ರದೇಶಗಳಲ್ಲಿ, ಮಗನಿಗೆ ಹೆಣ್ಣು ಸಿಗಬೇಕಾದರೆ ಸ್ವಂತ ಮನೆ ಬೇಕು ಎಂದು ತಂದೆತಾಯಿ ಪೈಪೋಟಿಯಲ್ಲಿ ಉಳಿಸುತ್ತಾರೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಶಾಂಗ್‌ಜಿನ್ ವೇ ಮತ್ತು ಷಿಯಾವೊಬೊ ಝಾಂಗ್ 2011ರಲ್ಲಿ ತೋರಿಸಿದರು. ಹೊಟ್ಟೆ ಕಟ್ಟಿ ಕೂಡಿಟ್ಟ ಇಂಥ ಹಣವನ್ನು ಯಾವ ದೇಶವೂ ಸಾಧನೆ ಎಂದು ಹೇಳಿಕೊಳ್ಳಬಾರದು. ತೈವಾನ್‌ನಲ್ಲಿ ಇದರ ಇನ್ನೊಂದು ಮುಖ ಕಂಡಿತು. 1995ರಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಬಂದ ಮೇಲೆ ಕುಟುಂಬಗಳು ಉಳಿತಾಯ ಕಡಿಮೆ ಮಾಡಿದವು. ಕಾಯಿಲೆಯ ಭಯಕ್ಕೆಂದು ತೆಗೆದಿಡುತ್ತಿದ್ದ ಹಣವನ್ನು ಅವು ಬದುಕಿಗೆ ಬಳಸಿದವು. ಉಳಿತಾಯದ ಅಂಕಿ ಇಳಿದರೂ ಜನರ ಸ್ಥಿತಿ ಮೇಲಾಗಿತ್ತು.

ನಮ್ಮಲ್ಲಿ ಆರೋಗ್ಯಕ್ಕಾಗಿ ಆಗುವ ಒಟ್ಟು ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64 ಇತ್ತು, 2021-22ಕ್ಕೆ ಶೇ 39.4ಕ್ಕೆ ಇಳಿಯಿತು ಎನ್ನುತ್ತವೆ ಸರ್ಕಾರಿ ಲೆಕ್ಕಗಳು. ಒಳ್ಳೆಯದೇ. ಆದರೂ ಒಂದು ಆಪರೇಷನ್‌ಗೆ ಹತ್ತು ವರ್ಷದ ಉಳಿತಾಯ ಕರಗಿ, ಒಡವೆ ಗಿರವಿಗೆ ಹೋಗುವುದು ಇಂದಿಗೂ ಸಾಮಾನ್ಯ ಸಂಗತಿ. ಚಿಂತೆಗೆ ಕಾರಣ ಇಲ್ಲಿದೆ. ಚೀನಾದವರಂತೆ ಹೆದರಿ ಉಳಿಸಲು ನಮ್ಮ ಬಹುಪಾಲು ಜನರಿಗೆ ಆದಾಯವೇ ಇಲ್ಲ. ತೈವಾನಿನವರಂತೆ ನಿಶ್ಚಿಂತೆಯಿಂದ ಖರ್ಚು ಮಾಡಲು ಭದ್ರತೆ ಇಲ್ಲ. ನಡುವೆ ಉಳಿದ ದಾರಿ ಸಾಲ.

ಸಾಲ ಸಿಗುವ ಬಗೆಯೂ ಹತ್ತು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಹಿಂದೆ ಬ್ಯಾಂಕ್ ಮ್ಯಾನೇಜರ ಎದುರು ಜಾಮೀನುದಾರರನ್ನು ಕರೆದುಕೊಂಡು ನಿಲ್ಲಬೇಕಿತ್ತು. ಈಗ ಮೊಬೈಲಿನಲ್ಲಿ ನಿಮಿಷಗಳಲ್ಲಿ ಸಾಲ ಖಾತೆಗೆ ಬೀಳುತ್ತದೆ. ಅಡಮಾನವಿಲ್ಲದ ಇಂಥ ಸಾಲ ವಿಪರೀತ ಬೆಳೆಯುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ನಿಯಮ ಬಿಗಿ ಮಾಡಿತು. 2024ರ ಕೊನೆಗೆ ಕುಟುಂಬಗಳ ಒಟ್ಟು ಸಾಲ ಜಿಡಿಪಿಯ ಶೇ 42ರ ಹತ್ತಿರ ಬಂದಿತ್ತು. ಬೇರೆ ಅನೇಕ ದೇಶಗಳಲ್ಲಿ ಇದಕ್ಕಿಂತ ಹೆಚ್ಚಿದೆ, ಆದರೆ ಅಲ್ಲಿ ಹೆಚ್ಚಿನದು ಗೃಹಸಾಲ. ನಮ್ಮಲ್ಲಿ ಗೃಹಸಾಲವಲ್ಲದ ಸಾಲಗಳದ್ದೇ ದೊಡ್ಡ ಪಾಲು. ಮನೆ ಕಟ್ಟಲು ಮಾಡಿದ ಸಾಲ ಒಂದು ದಿನ ಆಸ್ತಿಯಾಗಿ ನಿಲ್ಲುತ್ತದೆ; ಫೀಸಿಗೆ, ಆಸ್ಪತ್ರೆಗೆ, ಹಬ್ಬಕ್ಕೆ, ಹಳೆ ಸಾಲದ ಕಂತಿಗೆ ಮಾಡಿದ ಸಾಲ ಹಾಗೆ ನಿಲ್ಲುವುದಿಲ್ಲ. ಜನ ಆಸ್ತಿಯ ಕಡೆಗೆ ಹೊರಳಿದ್ದಾರೆ ಎಂಬ ಸರ್ಕಾರಿ ವಿವರಣೆ ನನಗೆ ಅರೆಬರೆ ಎನಿಸುವುದು ಈ ಕಾರಣಕ್ಕೆ. ಮೈಕ್ರೊಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದು, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಮನೆಗಳಲ್ಲಿ ಹೊಸ ಆಸ್ತಿ ಯಾವುದೂ ಇರಲಿಲ್ಲ.

ಇದು ಮನೆಯೊಳಗೆ ಮುಗಿಯುವ ಮಾತಲ್ಲ. ಸರ್ಕಾರ ತನ್ನ ಕೊರತೆ ತುಂಬಿಕೊಳ್ಳಲು, ಕಂಪನಿಗಳು ಕಾರ್ಖಾನೆ ಕಟ್ಟಲು ಸಾಲ ಎತ್ತುವುದು ಬಹುಪಾಲು ಇದೇ ಕುಟುಂಬಗಳು ಬ್ಯಾಂಕಿನಲ್ಲಿ, ವಿಮೆಯಲ್ಲಿ, ಭವಿಷ್ಯ ನಿಧಿಯಲ್ಲಿ ಇಟ್ಟ ಹಣದಿಂದ. ಆ ಹಣವನ್ನು ಕುಟುಂಬಗಳೇ ಸಾಲವಾಗಿ ತೆಗೆದುಕೊಂಡರೆ ಉಳಿದವರಿಗೆ ಸಿಗುವುದು ಕಡಿಮೆ. ಆಗ ಬಡ್ಡಿ ಏರಬೇಕು, ಇಲ್ಲವೇ ವಿದೇಶಿ ಬಂಡವಾಳಕ್ಕೆ ಕೈ ಚಾಚಬೇಕು.

ಇಷ್ಟೆಲ್ಲ ಚರ್ಚೆ ಮಾಡುವ ನಮ್ಮ ಮುಂದೆ ಇರುವುದು ಒಂದೇ ಒಂದು ಸರಾಸರಿ. ಶೇ 5ರ ಆ ಅಂಕಿಯಲ್ಲಿ ಎಸ್‌ಐಪಿ ಕಟ್ಟುವವರೂ ಇದ್ದಾರೆ, ಚೀಟಿ ಎತ್ತಿ ಬಡ್ಡಿ ಕಟ್ಟುವವರೂ ಇದ್ದಾರೆ. ಯಾವ ವರ್ಗದವರು ಎಷ್ಟು ಉಳಿಸಿದರು, ಯಾರು ಯಾವುದಕ್ಕೆ ಸಾಲ ಮಾಡಿದರು ಎಂದು ವರ್ಷದ ಅಂಕಿಗಳು ಹೇಳುವುದಿಲ್ಲ. ಅದನ್ನು ಹೇಳಬಲ್ಲ ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆ 2013ರಲ್ಲಿ ಒಮ್ಮೆ, ಆಮೇಲೆ 2019ರಲ್ಲಿ ಒಮ್ಮೆ ನಡೆಯಿತು. 2019ರಲ್ಲಿ ಗ್ರಾಮೀಣ ಕುಟುಂಬಗಳಲ್ಲಿ ಶೇ 35ರಷ್ಟು, ನಗರದಲ್ಲಿ ಶೇ 22.4ರಷ್ಟು ಸಾಲದಲ್ಲಿದ್ದವು. ಕೋವಿಡ್, ಮೊಬೈಲ್ ಸಾಲ, ಬಡ್ಡಿಯ ಏರಿಳಿತ ಎಲ್ಲವೂ ಅದಾದ ಮೇಲೆ ಬಂದವು. ಬೆಲೆ ಏರಿಕೆಯನ್ನು ಪ್ರತಿ ತಿಂಗಳು ಅಳೆಯುವ ಸರ್ಕಾರ ಜನರ ಸಾಲ ಮತ್ತು ಉಳಿತಾಯವನ್ನು ಆದಾಯದ ವರ್ಗವಾರು, ರಾಜ್ಯವಾರು, ಕನಿಷ್ಠ ಎರಡು ವರ್ಷಕ್ಕೊಮ್ಮೆಯಾದರೂ ಅಳೆದು ಪ್ರಕಟಿಸಬೇಕು. ಕೇಂದ್ರ ಮಾಡುವವರೆಗೆ ಕಾಯದೆ ಕರ್ನಾಟಕ ತನ್ನ ಮಟ್ಟಿಗೆ ಇದನ್ನು ಶುರುಮಾಡಬಹುದು. ಅದಕ್ಕೆ ಬೇಕಾದ ಅಂಕಿಅಂಶ ಇಲಾಖೆ ರಾಜ್ಯದ ಬಳಿ ಇದೆ.